ನಾಲ್ಕೇ ನಿಮಿಷಕ್ಕೆ ಖಾಲಿಯಾದ ಕಟ್ಟೆ

ವಾರವಿಡೀ ಟಿವಿಯಲ್ಲಿ ಒಂದೇ ಕೂಗು. ‘ಈ ಭಾನುವಾರ ಮಧ್ಯಾಹ್ನ ಪ್ರಪಂಚ ಮುಳುಗಲಿದೆ! ಕನ್ನಡದಲ್ಲಿ ಮೊಟ್ಟಮೊದಲ ಬಾರಿಗೆ!’ ಮುಳುಗುವುದೇ ಆದರೆ ಕನ್ನಡದಲ್ಲೇ ಮುಳುಗಲಿ ಅಂತ ನಾನೂ ಒಪ್ಪಿಕೊಂಡೆ. ಮದ್ದೂರು ಕಡೆಯ ನಮ್ಮ ಮಾವನ ಮನೆಯಲ್ಲಿ ಬಾಡೂಟ ಮುಗಿಸಿ ಟಿವಿ ಮುಂದೆ ಕೂತೆ. ಮಾವನೂ ಬಂದು ಕೂತರು. ಅಲ್ಲೇ ಎಡವಟ್ಟಾಯಿತು. ಮಾವನಿಗೆ ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆಯ ವಿ.ಸಿ. ನಾಲೆಯ ಕೊನೇ ಭಾಗದಲ್ಲಿ ಎರಡೆಕರೆ ಕಬ್ಬಿದೆ. ನೀರಿನ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

ಕಥೆ ಏನಂದರೆ, ಆಕಾಶದಿಂದ ಒಂದು ಬಂಡೆ ಬರುತ್ತಿದೆ. ಅದು ಗೊತ್ತಿರುವುದು ಒಬ್ಬ ವಿಜ್ಞಾನಿಗೆ ಮಾತ್ರ. ಅವನನ್ನು ಹೆಂಡತಿ ಬಿಟ್ಟು ಹೋಗಿದ್ದಾಳೆ, ಮಿಲಿಟರಿಯವರು ನಂಬುತ್ತಿಲ್ಲ. ‘ಡಾಕ್ಟರ್, ನಮಗೆ ಉಳಿದಿರುವುದು ಕೇವಲ ನಲವತ್ತು ನಿಮಿಷಗಳು ಮಾತ್ರ!’ ಅಂತ ಪಕ್ಕದವಳು ಶುದ್ಧ ಗ್ರಾಂಥಿಕದಲ್ಲಿ ಕಿರುಚಿದಳು. ಜಾಹೀರಾತು ಬಂತು. ಮಾವ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿ, ಕರು ಬಿಟ್ಟು, ಹಾಲು ಕರೆದು ಬಂದರು. ನಲವತ್ತು ನಿಮಿಷ ಹಾಗೇ ಇತ್ತು.

ಆಮೇಲೆ ಬಂಡೆಯ ಒಂದು ಚೂರು ಬಂದು ಅಣೆಕಟ್ಟೆಗೆ ಬಡಿಯಿತು. ಮಾವ ನೆಟ್ಟಗೆ ಕೂತರು.

‘ಎಷ್ಟಡಿಲಾ ಆ ಕಟ್ಟೆ?’

ಹೇಳಲಿಲ್ಲ ಮಾವ, ಅಂದೆ.

‘ಒಳಹರಿವು?’

ಅದನ್ನೂ ಹೇಳಲಿಲ್ಲ. ಮಂಡ್ಯದಲ್ಲಿ ಎಲ್ಕೆಜಿ ಮಗುವಿಗೂ ಕನ್ನಂಬಾಡಿ ತುಂಬಿದರೆ 124.80 ಅಡಿ ಅಂತ ಗೊತ್ತು. ಇಷ್ಟು ದೊಡ್ಡ ದುರಂತ ತೆಗೆದವರು ಮಟ್ಟ ಬರೆದುಕೊಳ್ಳುವ ಒಬ್ಬ ಹುಡುಗನನ್ನೂ ಇಟ್ಟಿರಲಿಲ್ಲ. ಕಟ್ಟೆ ಒಡೆಯಿತು. ನೀರು ನುಗ್ಗಿತು. ಒಂದು ಕೆಂಪು ಲಾರಿ ತೇಲಿಹೋಯಿತು. ಬೇರೆ ಊರು ತೋರಿಸಿದರು, ಅಲ್ಲೂ ಒಂದು ಕೆಂಪು ಲಾರಿ. ‘ಅದೇ ಲಾರಿ ಕಣ್ಲಾ, ಮೂರ್ನೇ ಸಲ ಹೋಯ್ತಾ ಅದೆ’ ಅಂದರು ಮಾವ. ನಾಯಕಿ ನೀರಿನಿಂದ ಎದ್ದು ಬಂದಳು. ತಲೆಗೂದಲು ಒಣಗಿತ್ತು.

ನಾಲ್ಕೇ ನಿಮಿಷಕ್ಕೆ ಕಟ್ಟೆ ಪೂರ್ತಿ ಖಾಲಿ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್; ದಿನಪೂರ್ತಿ ಹನ್ನೊಂದೂವರೆ ಸಾವಿರ ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಇದು ನಮ್ಮ ಕಡೆಯ ಮಗ್ಗಿ. ನಮ್ಮ ಕಟ್ಟೆ ತುಂಬಿದಾಗ 49.45 ಟಿಎಂಸಿ. ಅಷ್ಟನ್ನೂ ನಾಲ್ಕು ನಿಮಿಷಕ್ಕೆ ಬಿಟ್ಟರೆ? ಫೋನಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತು ಕೋಟಿ ಕ್ಯೂಸೆಕ್! ಅಮೆಜಾನ್ ನದಿ ಸಮುದ್ರ ಸೇರುವಾಗಲೂ ಎಪ್ಪತ್ತು ಲಕ್ಷದ ಆಸುಪಾಸು ಅಷ್ಟೇ. ಆ ಇಪ್ಪತ್ತು ಕೋಟಿಯ ಮುಂದೆ ನಾಯಕ ಜೀಪ್ ಓಡಿಸಿಕೊಂಡು ಹೋಗಿ ಗೆದ್ದ.

ಮಾವನಿಗೆ ಜೀಪಿನ ಚಿಂತೆ ಇರಲಿಲ್ಲ. ‘ಇಪ್ಪತ್ತು ಕೋಟಿನಾ? ನಮ್ಗೆ ಎರಡು ಸಾವ್ರ ಬುಡೋಕೆ ಮೀಟಿಂಗ್ ಮೇಲೆ ಮೀಟಿಂಗ್ ಮಾಡ್ತರಲ್ಲೋ!’

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆಯದಕ್ಕೆ. ಆ ಸಿನಿಮಾದಲ್ಲಿ ಎಲ್ಲರೂ ಓಡಿಹೋಗುತ್ತಾರೆ. ನೋಡೋಕೆ ಅಂತ ಒಬ್ಬನೂ ಬರುವುದಿಲ್ಲ. ಇದನ್ನು ಹೇಗೆ ನಂಬುವುದು? ಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಬ್ಯಾರಿಕೇಡ್ ಬೀಳುತ್ತದೆ. ಬ್ಯಾರಿಕೇಡ್ ಬಿದ್ದ ಕಡೆಗೇ ಜನ ಟೆಂಪೊ ಮಾಡಿಕೊಂಡು ಬರುತ್ತಾರೆ. ಮಗುವನ್ನು ಹೆಗಲ ಮೇಲೆ ಕೂರಿಸಿ ಸೆಲ್ಫಿ. ಪಕ್ಕದಲ್ಲೇ ಚುರುಮುರಿ. ನಾವೊಬ್ಬರೇ ಹೀಗೆ ಅಂದುಕೊಳ್ಳಬೇಡಿ. 2013ರ ಫೆಬ್ರುವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ನಿಜವಾದ ಬಂಡೆಯೇ ಬಂದು ಗಾಳಿಯಲ್ಲಿ ಸಿಡಿಯಿತು. ಮೊದಲು ಬೆಳಕು ಬಂತು. ಏನದು ಅಂತ ಜನ ಕಿಟಕಿಗೆ ಬಂದು ನಿಂತರು. ಆಮೇಲೆ ಬಂತು ಹೊಡೆತ, ಗಾಜು ಪುಡಿಪುಡಿ. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ತಾಗಿದ್ದು ಗಾಜು. ನಮ್ಮೂರಲ್ಲಾಗಿದ್ದರೆ ತಾರಸಿ ಮೇಲೇ ಇರುತ್ತಿದ್ದೆವು.

ಕೊನೆಗೆ ಟೀ ಆರುವುದರೊಳಗೆ ಒಂದು ಕ್ಷಿಪಣಿ ಹಾರಿಸಿ ಬಂಡೆಯನ್ನು ಧೂಳೀಪಟ ಮಾಡಿದರು. ನಾಸಾದವರು ನಿಜವಾಗಿ ಒಂದು ನೌಕೆ ಕಳಿಸಿ ಬಂಡೆಗೆ ಡಿಕ್ಕಿ ಹೊಡೆಸಿದ್ದು 2022ರಲ್ಲಿ. ಅಲ್ಲಿಗೆ ಹೋಗೋಕೇ ಹತ್ತು ತಿಂಗಳು. ಬಂಡೆ ಪುಡಿಯಾಗಲಿಲ್ಲ, ದೊಡ್ಡ ಬಂಡೆಯೊಂದರ ಸುತ್ತ ತಾನು ಹಾಕುತ್ತಿದ್ದ ಸುತ್ತನ್ನು 32 ನಿಮಿಷ ಬೇಗ ಮುಗಿಸತೊಡಗಿತು. ಅಷ್ಟಕ್ಕೇ ವಿಜ್ಞಾನಿಗಳು ಕುಣಿದಾಡಿದ್ದರು. ಟಿವಿಯವರಿಗೆ ಅಷ್ಟೆಲ್ಲಾ ತಾಳ್ಮೆ ಎಲ್ಲಿ, ಏಳು ಗಂಟೆಗೆ ಸೀರಿಯಲ್ ಇರುತ್ತದಲ್ವಾ.

ಹೆಂಡತಿ ವಾಪಸ್ ಬಂದಳು. ಸಿನಿಮಾ ಮುಗಿಯಿತು. ತಕ್ಷಣ ಮತ್ತೆ ಕೂಗು: ‘ಮುಂದಿನ ಭಾನುವಾರ, ಜ್ವಾಲಾಮುಖಿ!’ ಪರದೆ ತುಂಬ ಕೆಂಪಗೆ ಲಾವಾ ಉಕ್ಕುತ್ತಿತ್ತು. ಇದಾದರೂ ಮಾವನಿಗೆ ಗೊತ್ತಿಲ್ಲದ ವಿಷಯ, ನೆಮ್ಮದಿಯಾಗಿ ನೋಡಬಹುದು ಅಂದುಕೊಂಡೆ. ಅವರು ಇಪ್ಪತ್ತು ವರ್ಷ ಆಲೆಮನೆ ನಡೆಸಿದ್ದು ಮರೆತೇಹೋಗಿತ್ತು.

ಮಾವ ಕಣ್ಣು ಕಿರಿದು ಮಾಡಿ ಲಾವಾವನ್ನೇ ನೋಡಿದರು.

‘ಪಾಕ ಇನ್ನೂ ಹದಕ್ಕೆ ಬಂದಿಲ್ಲ ಕಣ್ಲಾ.’