ಪೊಗಾಚಾರಿ, ಮೀನಿನ ಹುಡುಗ ಮತ್ತು ನಮ್ಮ ಭಾವನ ದ್ರಾಕ್ಷಿ ತೋಟ

ನಂದಿ ಬೆಟ್ಟದ ಕೆಳಗಿನ ಟೀ ಅಂಗಡಿಯಲ್ಲಿ ಭಾನುವಾರ ಬೆಳಗ್ಗೆ ನನಗೂ ನಮ್ಮ ಭಾವನಿಗೂ ಮತ್ತೆ ಜಗಳ ಆಯಿತು. ಆಸ್ತಿ ವಿಷಯಕ್ಕಲ್ಲ. ಸ್ಲೊವೇನಿಯಾದವನೊಬ್ಬ, ಡೆನ್ಮಾರ್ಕಿನವನೊಬ್ಬ, ಇಬ್ಬರು ಸೈಕಲ್ ರೇಸಿನವರ ವಿಷಯಕ್ಕೆ. ಬೆಂಗಳೂರಿನಿಂದ ಬೆಟ್ಟ ಹತ್ತೋಕೆ ಬಂದಿದ್ದ ಹುಡುಗರು ಇಡ್ಲಿ ತಿನ್ನೋದು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಲ್ಲಿ ಭಾವ ನನಗೆ ಮಾತಾಡೋಕೆ ಬಿಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭಾವನ ಪರಿಚಯ. ಚಿಕ್ಕಬಳ್ಳಾಪುರದ ಹತ್ತಿರ ಎರಡು ಎಕರೆ ದಿಲ್‌ಖುಷ್ ದ್ರಾಕ್ಷಿ ಬೆಳೆಯುತ್ತಾರೆ. ಶುಗರ್ ಬಂದಾಗ ಡಾಕ್ಟರು ದಿನಾ ನಡೆಯಿರಿ ಅಂದರು. ನಡೆಯೋದು ಬೋರು ಅಂತ ಭಾವ ಮಗನ ಗೇರ್ ಸೈಕಲ್ ಹಿಡಿದರು. ಈಗ ಮಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾನೆ. ಜುಲೈ ಬಂತೆಂದರೆ ಅವರ ಮನೆಯಲ್ಲಿ ನೀರಿನ ಚೊಂಬಿಗೆ ಮೊಬೈಲ್ ಒರಗಿಸಿಟ್ಟು ಟೂರ್ ಡಿ ಫ್ರಾನ್ಸ್ ನೋಡಿಕೊಂಡೇ ರಾತ್ರಿ ಊಟ. ಮೂರು ವಾರದ ಸೈಕಲ್ ರೇಸ್ ಅದು, ಎಲ್ಲಾ ದಿನದ ಸಮಯ ಕೂಡಿಸಿದಾಗ ಕಮ್ಮಿ ಇದ್ದವನು ಗೆದ್ದ. ಅಲ್ಲಿ ಸಂಜೆ ಐದೂವರೆ ಅಂದರೆ ನಮಗೆ ರಾತ್ರಿ ಒಂಬತ್ತು. ಸರಿಯಾಗಿ ಕೊನೇ ಬೆಟ್ಟ ಹತ್ತೋ ಹೊತ್ತು. ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾಗುತ್ತದೆ, ಅಕ್ಕ ಬೈಯುತ್ತಾಳೆ, ಭಾವನಿಗೆ ಕೇಳಿಸೋದಿಲ್ಲ.

ಭಾವ ಡೆನ್ಮಾರ್ಕಿನ ಯೋನಾಸ್ ವಿಂಗೆಗಾರ್ಡ್ ಪಾರ್ಟಿ. ಅವನು ದೊಡ್ಡ ಟೀಮ್ ಸೇರುವ ಮೊದಲು ಬೆಳಗ್ಗೆ ಮೀನಿನ ಫ್ಯಾಕ್ಟರಿಯಲ್ಲಿ ದುಡಿದು, ಮಧ್ಯಾಹ್ನ ಸೈಕಲ್ ತುಳಿಯುತ್ತಿದ್ದ ಅಂತ ಗೊತ್ತಾದ ದಿನದಿಂದ ಭಾವನಿಗೆ ಅವನು "ನಮ್ಮ ಮೀನಿನ ಹುಡುಗ". ನಾನು ಸ್ಲೊವೇನಿಯಾದ ತದೇಯ್ ಪೊಗಾಚಾರ್ ಕಡೆ. ಭಾವನ ಬಾಯಲ್ಲಿ ಅದು "ನಿಮ್ಮ ಪೊಗಾಚಾರಿ". ಬಾಗಿಲು ಮಾಡಿಸೋಕೆ ನಾನೇ ಕರೆಸಿದ್ದೇನೋ ಅನ್ನೋ ಹಾಗೆ.

ಭಾನುವಾರ ಜಗಳ ಶುರುವಾಗಿದ್ದು 2023ರಿಂದ. "ನಿಮ್ಮ ಪೊಗಾಚಾರಿ ಟೂರ್ ಗೆಲ್ಲಬೇಕಾದವನು, ಏಪ್ರಿಲ್ಲಲ್ಲಿ ಬೆಲ್ಜಿಯಂಗೆ ಹೋಗಿ ಕೈ ಮುರ್ಕೊಂಡ. ಹೋಗು ಅಂದಿದ್ಯಾರಪ್ಪಾ?" ಅಂದರು ಭಾವ.

ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೊಗಾಚಾರ್‌ಗೆ ಸುಮ್ನೆ ಕೂರೋಕೆ ಆಗಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ದಿನದ ದೊಡ್ಡ ರೇಸುಗಳು, ಜುಲೈಯಲ್ಲಿ ಟೂರ್, ಸೆಪ್ಟೆಂಬರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್, ಅಕ್ಟೋಬರಿನಲ್ಲಿ ಇಟಲಿಯ ಲೊಂಬಾರ್ಡಿಯಾ ರೇಸು. ವಿಂಗೆಗಾರ್ಡ್ ಹಾಗಲ್ಲ. ಒಂದು ವಾರದ ಒಂದೆರಡು ರೇಸು, ಎತ್ತರದ ಬೆಟ್ಟದ ಮೇಲೆ ವಾರಗಟ್ಟಲೆ ಟ್ರೈನಿಂಗ್, ಆಮೇಲೆ ನೇರ ಟೂರ್, 2025ರವರೆಗೆ ಅವನದು ಹೀಗೇ ಇತ್ತು. ಅವನು ಪರೀಕ್ಷೆಗೆ ಬರೋ ಪ್ರಶ್ನೆ ಮಾತ್ರ ಓದೋ ಹುಡುಗ, ಪುಕ್ಕಲ ಅಂತ ನಮ್ಮ ಪಾರ್ಟಿಯವರು ಆಡಿಕೊಳ್ಳುತ್ತಾರೆ. ಪೊಗಾಚಾರ್‌ಗೆ ಹಪಹಪಿ ಜಾಸ್ತಿ ಅಂತ ಅವರ ಪಾರ್ಟಿ.

ಭಾವನ ವಾದ ದ್ರಾಕ್ಷಿಯದು. "ಬಳ್ಳಿಗೆ ಬಿಟ್ಟ ಗೊಂಚಲೆಲ್ಲಾ ಉಳಿಸಿಕೊಂಡ್ರೆ ಯಾವುದಕ್ಕೂ ಸೈಜ್ ಬರಲ್ಲ. ಕೆಲವನ್ನ ಕಿತ್ತು ಬಿಸಾಕಬೇಕು. ಕೀಳುವಾಗ ಹೊಟ್ಟೆ ಉರಿಯುತ್ತೆ, ಆದ್ರೂ ಕೀಳಬೇಕು." ಇದಕ್ಕೆ ಏನು ಹೇಳ್ತೀರಿ? ನಾನು ಆ ತೋಟದಲ್ಲಿ ಗೊಂಚಲು ಕತ್ತರಿಸಿದವನು, ಮಾತು ನಿಜ ಅಂತ ನನಗೂ ಗೊತ್ತು.

ಆದರೆ ಪೊಗಾಚಾರ್‌ನ 2024 ನೋಡಿ. ಇಟಲಿಯ ಒಂದು ದಿನದ ರೇಸ್ ಸ್ತ್ರಾದೆ ಬಿಯಾಂಕೆಯಲ್ಲಿ 81 ಕಿಲೋಮೀಟರ್ ಒಬ್ಬನೇ ಹೋಗಿ ಗೆದ್ದ. ಬೆಲ್ಜಿಯಂನ ಲಿಯೇಜ್ ರೇಸ್ ಗೆದ್ದ. ಇಟಲಿಯ ಮೂರು ವಾರದ ರೇಸ್ ಜಿರೊ ಡಿ ಇಟಾಲಿಯಾವನ್ನು 9 ನಿಮಿಷ 56 ಸೆಕೆಂಡಿನಿಂದ ಗೆದ್ದ, ಟೂರನ್ನು 6 ನಿಮಿಷ 17 ಸೆಕೆಂಡಿನಿಂದ. ಒಂದೇ ವರ್ಷದಲ್ಲಿ ಇವೆರಡನ್ನೂ 1998ರಲ್ಲಿ ಮಾರ್ಕೊ ಪಂತಾನಿ ಗೆದ್ದ ಮೇಲೆ ಇನ್ಯಾರೂ ಗೆದ್ದಿರಲಿಲ್ಲ. ಸಾಲದು ಅಂತ ಜ್ಯೂರಿಕ್‌ನಲ್ಲಿ ಇನ್ನೂ 100 ಕಿಲೋಮೀಟರ್ ಬಾಕಿ ಇರುವಾಗಲೇ ಗುಂಪು ಬಿಟ್ಟು ಹೊರಟು ವಿಶ್ವ ಚಾಂಪಿಯನ್ ಆದ. ಕೊನೆಗೆ ಲೊಂಬಾರ್ಡಿಯಾನೂ ಅವನದೇ. ಎಲ್ಲಾ ಗೊಂಚಲಿಗೂ ಸೈಜ್ ಬಂತಲ್ಲ ಭಾವ, ಅಂದೆ.

"ಅಷ್ಟು ಶೂರ ಆದ್ರೆ 2025ರಲ್ಲಿ ವುಯೆಲ್ಟಾಗೆ ಯಾಕೆ ಬರಲಿಲ್ಲ? ನಮ್ಮವನು ಬಂದ, ಗೆದ್ದ."

ವುಯೆಲ್ಟಾ ಅಂದರೆ ಸ್ಪೇನಿನ ಮೂರು ವಾರದ ರೇಸು. ಹೌದು, ಬರಲಿಲ್ಲ. ಇದು ಒಳ್ಳೆ ಏಟು. ಪೊಗಾಚಾರ್ ಕೂಡ ಆರಿಸಿಕೊಂಡೇ ಓಡುವವನು, ವರ್ಷಕ್ಕೆ 50ರಿಂದ 60 ದಿನ ರೇಸ್ ಮಾಡಿದರೆ ಜಾಸ್ತಿ. ಇದನ್ನು ನಮ್ಮ ಪಾರ್ಟಿಯವರು ಬಾಯಿ ಬಿಡಲ್ಲ.

ಆದರೆ ಕೈ ಮುರಿದ ವಿಷಯಕ್ಕೆ ನಾನು ಸುಮ್ಮನಿರಲ್ಲ. ಅದಕ್ಕೆ ಸ್ವಂತ ಕಾರಣ ಇದೆ. ಮಳೆ ಬಂದು ನಿಂತ ಒಂದು ಬೆಳಗ್ಗೆ ನಂದಿ ಇಳಿಯುವಾಗ ತಿರುವಿನಲ್ಲಿ ಜಾರಿ ಎಡಗೈ ಊರಿ ಬಿದ್ದೆ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಗೋಡಂಬಿಯಷ್ಟು ಒಂದು ಮೂಳೆ ಇದೆ. ಸ್ಕ್ಯಾಫಾಯ್ಡ್ ಅಂತಾರೆ. ಅದಕ್ಕೆ ರಕ್ತ ಓಡಾಟ ಕಮ್ಮಿ, ಕೂಡೋದು ನಿಧಾನ. ಎರಡು ತಿಂಗಳು ಪ್ಲಾಸ್ಟರ್. ಟವೆಲ್ ಹಿಂಡೋಕೆ ಆಗಲ್ಲ, ಲುಂಗಿ ಬಿಗಿದು ಕಟ್ಟೋಕೆ ಆಗಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಿದರೆ ಕೈ ಮಕ್ಕಳ ಕೈ ಥರ ಆಗಿತ್ತು. ಸೀಟು ಬಿಟ್ಟು ಎದ್ದು ತುಳಿಯೋಣ ಅಂತ ಹ್ಯಾಂಡಲ್ ಎಳೆದರೆ ಸೂಜಿ ಚುಚ್ಚಿದ ಹಾಗೆ. 2023ರ ಏಪ್ರಿಲ್ 23ರಂದು ಲಿಯೇಜ್-ಬಾಸ್ಟೋನ್-ಲಿಯೇಜ್‌ನಲ್ಲಿ ಬಿದ್ದು ಪೊಗಾಚಾರ್ ಮುರಿದುಕೊಂಡಿದ್ದು ಇದೇ ಮೂಳೆ. ಜುಲೈ 1ಕ್ಕೆ ಬಿಲ್ಬಾವೊದಲ್ಲಿ ಟೂರ್ ಶುರು. ಹತ್ತೇ ವಾರ. ಮೂರನೇ ವಾರದಲ್ಲಿ 2,304 ಮೀಟರ್ ಎತ್ತರದ ಕೋಲ್ ಡೆ ಲಾ ಲೋಜ್ ಬೆಟ್ಟದ ದಾರಿ ಹತ್ತುವಾಗ ಅವನು ರೇಡಿಯೋದಲ್ಲಿ "ನಾನು ಮುಗಿದೆ, ಸತ್ತೆ" ಅಂದ. ಕೊನೆಗೆ ವಿಂಗೆಗಾರ್ಡ್ ಎದುರು ಸೋತಿದ್ದು 7 ನಿಮಿಷ 29 ಸೆಕೆಂಡಿಗೆ. ಎಲ್ಲದಕ್ಕೂ ಕೈಯೇ ಕಾರಣ ಅಂತ ನಾನು ಹೇಳಲ್ಲ. ಅದೇ ಟೂರಿನ ಕೋಂಬ್ಲೂ ಟೈಮ್ ಟ್ರಯಲ್‌ನಲ್ಲಿ, ಅಂದರೆ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯೋ ದಿನ, ವಿಂಗೆಗಾರ್ಡ್ ಅವನಿಗಿಂತ 1 ನಿಮಿಷ 38 ಸೆಕೆಂಡ್ ಬೇಗ ಮುಗಿಸಿದ್ದ. ಅವತ್ತು ಅವನು ತುಳಿದ ರೀತಿಗೆ ಪೊಗಾಚಾರ್‌ಗೆ ಮೂರು ಕೈ ಇದ್ದಿದ್ದರೂ ಸೋಲುತ್ತಿದ್ದ.

"ಅದಕ್ಕೇ ಹೇಳೋದು, ನಮ್ಮವನು ಹುಷಾರು" ಅಂದರು ಭಾವ, ಗೆದ್ದವರ ಹಾಗೆ ಟೀ ಲೋಟ ಕೆಳಗಿಟ್ಟು.

ಹುಷಾರಾಗಿದ್ದರೆ ಬೀಳಲ್ವಾ? 2024ರ ಏಪ್ರಿಲ್ 4. ವಿಂಗೆಗಾರ್ಡ್ ಅಳೆದು ತೂಗಿ ಆರಿಸಿಕೊಂಡ ಕೆಲವೇ ರೇಸುಗಳಲ್ಲಿ ಸ್ಪೇನಿನ ಬಾಸ್ಕ್ ಸೀಮೆಯದೂ ಒಂದು. ಅಲ್ಲಿ ಇಳಿಜಾರಿನಲ್ಲಿ ಗುಂಪಾಗಿ ಬಿದ್ದರು. ಅವನ ಕಾಲರ್‌ಬೋನ್ ಮುರಿಯಿತು, ಪಕ್ಕೆಲುಬು ಮುರಿಯಿತು, ಶ್ವಾಸಕೋಶಕ್ಕೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ 12 ದಿನ. ಒಂದೇ ಬೆಳೆ ನಂಬಿಕೊಂಡ ತೋಟಕ್ಕೂ ಆಲಿಕಲ್ಲು ಬೀಳುತ್ತೆ ಅಲ್ವಾ ಭಾವ, ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಆಮೇಲೆ ನೆನಪಾಯಿತು, ಒಂದು ಏಪ್ರಿಲ್‌ನಲ್ಲಿ ಹತ್ತು ನಿಮಿಷದ ಆಲಿಕಲ್ಲಿಗೆ ಅವರ ಅರ್ಧ ತೋಟ ಉದುರಿತ್ತು. ಆಡಬಾರದಿತ್ತು.

ಹಾಗೆ ಬಿದ್ದವನು ಮೂರು ತಿಂಗಳು ತುಂಬುವ ಮೊದಲೇ, ನಡುವೆ ಒಂದು ರೇಸೂ ಓಡದೆ, ಟೂರ್‌ಗೆ ಬಂದ. ಲೆ ಲಿಯೋರಾನ್‌ನಲ್ಲಿ ಮುಗಿದ ದಿನದ ಓಟದಲ್ಲಿ ಪೊಗಾಚಾರ್‌ನನ್ನು ಬೆನ್ನಟ್ಟಿ ಹಿಡಿದು, ಕೊನೇ ಸ್ಪ್ರಿಂಟ್‌ನಲ್ಲಿ ಹಿಂದೆ ಹಾಕಿ, ಆಮೇಲೆ ಕ್ಯಾಮೆರಾ ಮುಂದೆ ಅತ್ತ. ಇವನನ್ನು ಪುಕ್ಕಲ ಅನ್ನೋ ನಮ್ಮ ಪಾರ್ಟಿಯವರಿಗೆ ಏನು ಹೇಳೋಣ? 2022ರ ಟೂರ್‌ನಲ್ಲಿ ಸ್ಪಾಂಡೆಲ್ ಇಳಿಜಾರಿನಲ್ಲಿ ಪೊಗಾಚಾರ್ ಬಿದ್ದಾಗ, ಮೊದಲ ಸ್ಥಾನದವನ ಹಳದಿ ಜೆರ್ಸಿಯಲ್ಲಿದ್ದ ಇದೇ ಪುಕ್ಕಲ ನಿಧಾನ ಮಾಡಿ ಕಾದ. ಹತ್ತಿರ ಬಂದ ಪೊಗಾಚಾರ್ ಕೈ ಚಾಚಿದ, ಓಡುವ ಸೈಕಲ್ ಮೇಲೇ ಕೈ ಕುಲುಕಿದರು.

ವಿಂಗೆಗಾರ್ಡ್ 60 ಕೆಜಿ ಆಸುಪಾಸಿನ ಮೈಯವನು. ಬೆಟ್ಟಕ್ಕೆ ಹೇಳಿ ಮಾಡಿಸಿದ ಮೈ, ಕಲ್ಲು ಹಾಸಿದ ದಾರಿಯಲ್ಲಿ ನಡೆಯೋ ಒಂದು ದಿನದ ಪ್ಯಾರಿಸ್-ರುಬೇ ರೇಸಿಗಲ್ಲ. ಅಲ್ಲಿಗೆ ಹೋಗದಿದ್ದರೆ ಅದು ಭಯವಲ್ಲ, ಲೆಕ್ಕ. ಅವನ ಲೆಕ್ಕ ತಪ್ಪು ಅಂತ ನಾನು ಒಂದು ದಿನವೂ ಹೇಳಿಲ್ಲ.

ಆದರೂ ನಾನು ಪೊಗಾಚಾರ್ ಪಾರ್ಟಿ ಬಿಡಲ್ಲ. ಅದಕ್ಕೆ ಕಾರಣ ಅವನು ಗೆದ್ದ ರೇಸಲ್ಲ, 2025ರಲ್ಲಿ ಸೋತ ರುಬೇ. ಸುಮಾರು 260 ಕಿಲೋಮೀಟರ್ ರೇಸು, ಅದರಲ್ಲಿ 55 ಕಿಲೋಮೀಟರ್ ಹಳೇ ಕಲ್ಲು ಹಾಸಿದ ದಾರಿ. ಟೂರ್ ಗೆಲ್ಲೋ ಸಣಕಲರಿಗೆ ಅಲ್ಲಿ ಏನು ಕೆಲಸ? ಇವನು ಹೋದ, ಮೊದಲನೇ ಸಲಕ್ಕೇ. ಕೊನೆಗೆ ಅವನೂ ನೆದರ್ಲೆಂಡ್ಸಿನ ಮಾಥ್ಯೂ ವಾನ್ ಡೆರ್ ಪೂಲ್ ಇಬ್ಬರೇ ಉಳಿದರು. 38 ಕಿಲೋಮೀಟರ್ ಬಾಕಿ ಇರುವಾಗ ಒಂದು ತಿರುವಿಗೆ ಜೋರಾಗಿ ನುಗ್ಗಿ, ತಿರುಗಿಸೋಕೆ ಆಗದೆ ಬೇಲಿಗೆ ಹೋಗಿ ಬಿದ್ದ. ಎದ್ದು ಎರಡನೆಯವನಾಗಿ ಬಂದ. ಬಾರದ ರೇಸಿಗೆ ಹೋಗಿ, ಮುಂದೆ ನಿಂತು, ತಿರುವಿನಲ್ಲಿ ಎಡವುವ ಚಾಂಪಿಯನ್ ಸಿಕ್ಕರೆ ಯಾರಿಗೆ ತಾನೇ ಬೇಡ? ನಾನಂತೂ ನಂದಿಯ ಮೊದಲ ತಿರುವಿನಲ್ಲೇ ಎದ್ದು ತುಳಿದು, ಮೇಲೆ ಹೋಗುವಷ್ಟರಲ್ಲಿ ಉಸಿರು ಕಟ್ಟಿ ನಿಲ್ಲುವವನು. ಒಂದೇ ಲಯದಲ್ಲಿ ಬರೋ ಭಾವ ಬೆಲ್ ಬಾರಿಸಿಕೊಂಡು ಮುಂದೆ ಹೋಗುತ್ತಾರೆ. ಪ್ರತಿ ಭಾನುವಾರ.

ಇನ್ನು ಪಂದ್ಯದ ಲೆಕ್ಕ. ಟೂರ್‌ನಲ್ಲಿ ವಿಂಗೆಗಾರ್ಡ್ ಗೆದ್ದರೆ ನಾನು ಕೊಯ್ಲಿನಲ್ಲಿ ಒಂದು ದಿನ ತೋಟದ ಕೆಲಸ ಮಾಡಬೇಕು. ಪೊಗಾಚಾರ್ ಗೆದ್ದರೆ ಹಣ್ಣು ಬಂದಾಗ ಭಾವ ಒಂದು ಕ್ರೇಟ್ ಕಳಿಸಬೇಕು. 2022, 2023ರದ್ದು ನಾನು ಬೆನ್ನು ಬಗ್ಗಿಸಿ ತೀರಿಸಿದ್ದೇನೆ. 2024ರ ಕ್ರೇಟ್ ಬಂತು, ಮೇಲಿನ ಸಾಲಿನಲ್ಲಿ ಮಾತ್ರ ಒಳ್ಳೆ ಹಣ್ಣಿತ್ತು. 2025ರದ್ದು ಇನ್ನೂ ಬಾಕಿ. ಭಾವ, ಇದನ್ನ ಓದುತ್ತೀರಿ ಅಂತ ಗೊತ್ತು.