ಮಾವನ ದೋಣಿಗೆ ಹೊಸ ಇಂಜಿನ್

ಗಂಗೊಳ್ಳಿಯಲ್ಲಿ ನಮ್ಮ ಮಾವಂದೊಂದು ಸಣ್ಣ ಮರದ ದೋಣಿ ಉಂಟು, ಒಳಗೆ ಸಿಂಗಲ್ ಸಿಲಿಂಡರಿನ ಡೀಸೆಲ್ ಇಂಜಿನ್ನು, ಕಾಲ ಯಾವುದೋ ದೇವರಿಗೇ ಗೊತ್ತು. ಸಿಲಿಂಡರಿನ ಒತ್ತಡ ಬಿಡೋ ಲಿವರ್ ಎತ್ತಿ ಹಿಡ್ಕೊಂಡು ಹ್ಯಾಂಡಲ್ ಗಿರಗಿರ ತಿರುಗಿಸಿ, ಫ್ಲೈವೀಲಿಗೆ ಜೋರು ಬಂದ ಕೂಡ್ಲೆ ಲಿವರ್ ಬಿಟ್ರೆ ಡುಗ್ ಡುಗ್ ಅಂತ ಹೊರಡ್ತಿತ್ತು.

ಆಮೇಲೆ ಒಂದು ಚಾಳಿ ಶುರುವಾಯ್ತು, ದಡದ ಜಟ್ಟಿಗೆ ಕಟ್ಟಿದಾಗ ಎಷ್ಟೊತ್ತು ಬೇಕಾದ್ರೂ ಓಡತ್ತೆ, ಸರಿಯಾಗಿ ಅಳಿವೆ ಬಾಯಿಗೆ ಹೋದ ಮೇಲೆ ನಿಲ್ಲತ್ತೆ. ಜಟ್ಟಿ ಮೇಲೆ ಬೀಡಿ ಸೇದ್ತಾ ಕೂತವ್ರೆಲ್ಲ ಡಾಕ್ಟ್ರೇ. ಒಬ್ರು ಡೀಸೆಲ್ಲಲ್ಲಿ ನೀರು ಅಂದ್ರು, ಇನ್ನೊಬ್ರು ಲೈನಲ್ಲಿ ಗಾಳಿ ಹಿಡಿದಿದೆ ಅಂದ್ರು. ಫಿಲ್ಟರಿನ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಲ್ಲೋವರೆಗೆ ಪಂಪ್ ಹೊಡೆದ್ವಿ, ಗಾಳಿಯೂ ಹೋಯ್ತು, ಅರ್ಧ ಲೀಟರ್ ಡೀಸೆಲ್ ನನ್ನ ಲುಂಗಿಗೂ ಹೋಯ್ತು. ಕೂಲಿಂಗ್ ಪಂಪಿನ ರಬ್ಬರ್ ಇಂಪೆಲ್ಲರ್ ಬಿಚ್ಚಿದ್ರೆ ರೆಕ್ಕೆಗಳೇ ಇಲ್ಲ. ಅದನ್ನೂ ಬದಲಾಯಿಸಿದ್ವಿ, ಆಗ ನೀಲಿ ಹೊಗೆ. ಕೊನೆಗೆ ಮೆಕ್ಯಾನಿಕ್ ಬಂದು ಲಿವರ್ ಕೆಳಗೇ ಬಿಟ್ಟು ಹ್ಯಾಂಡಲ್ ತಿರುಗಿಸಿದ್ರು, ಒತ್ತಡಕ್ಕೆ ಗಟ್ಟಿ ಇರಬೇಕಾದದ್ದು ಬೆಣ್ಣೆಯಂಗೆ ತಿರುಗ್ತು. "ಆಯಿಲ್ ಕುಡೀತಾ ಉಂಟು, ಕಂಪ್ರೆಷನ್ ಸತ್ತಿದೆ, ಹೊಸದು ತಗೊಳ್ಳಿ ಮಾರಾಯ್ರೆ."

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ ಅಲ್ವಾ, ಆ ಮಳೆಯಲ್ಲೇ ಕೆಲಸ ಮುಗಿಸುವ ಅಂತ ಮಾವ, ಆದ್ರೆ ಕರಾವಳಿಯ ಅಷ್ಟೂ ದೋಣಿಯವ್ರು ಅದನ್ನೇ ಅಂದ್ಕೊಂಡಿರ್ತಾರೆ, ಮೆಕ್ಯಾನಿಕ್ ಸಿಕ್ಕಿದ್ರೆ ಪುಣ್ಯ. ಇಂಜಿನ್ ಬಂತು. ಹಳೇ ಬೋಲ್ಟಿನ ತೂತಿಗೆ ಕೂರಲ್ಲ, ಹೊಸ ಬೆಡ್. ನೀರೊಳಗಿನ ಫ್ಯಾನ್ ತಿರುಗಿಸೋ ಶಾಫ್ಟಿಗೆ ಕಪ್ಲಿಂಗ್ ಸೇರಲ್ಲ, ಹೊಸ ಕಪ್ಲಿಂಗ್. ಸೈಲೆನ್ಸರ್ ಪೈಪು ಇನ್ನೊಂದು ಕಡೆ. ಮಾವ ಒಂದೊಂದಕ್ಕೂ "ಇದೂನಾ?" ಅಂತ ಕೇಳ್ತಾ ಕೇಳ್ತಾ ಕೊನೆಗೆ ಬರೀ ತಲೆ ಆಡಿಸೋಕೆ ಶುರು ಮಾಡಿದ್ರು. ದಡದಲ್ಲಿ ಫೀಲರ್ ಗೇಜಿನ ತೆಳು ತಗಡು ಇಟ್ಟು ಕೂದಲೆಳೆಯಷ್ಟು ಸರಿ ಮಾಡಿದ ಇಂಜಿನ್-ಶಾಫ್ಟಿನ ಅಲೈನ್‌ಮೆಂಟು ನೀರಿಗಿಳಿದ ಮೇಲೆ ಮತ್ತೆ ಹೋಯ್ತು, ಮರ ಅಲ್ವಾ, ನೀರಲ್ಲಿ ಅದರ ಮೈಯೇ ಬೇರೆ. ಶಾಫ್ಟ್ ದೋಣಿಯಿಂದ ಹೊರಗೆ ಹೋಗೋ ಕಡೆಯ ಗ್ಲ್ಯಾಂಡಲ್ಲಿ ಹನಿ ಬೀಳ್ತಿದ್ದದ್ದು ನೋಡಿ ಮಾವ ಗಾಬರಿ, ಅಲ್ಲಿ ನಾಲ್ಕು ಹನಿ ಬೀಳ್ಲೇಬೇಕು, ಪೂರ್ತಿ ಬಿಗಿ ಮಾಡಿದ್ರೆ ಶಾಫ್ಟ್ ಸುಡತ್ತೆ ಅಂದ್ರೂ ನಂಬ್ಲಿಲ್ಲ, ಕೆಳಗೊಂದು ಚೊಂಬು ಇಟ್ರು.

ಪೂಜೆ ಆಯ್ತು, ತೆಂಗಿನಕಾಯಿ ಒಡೆದ್ರು, ಹಗ್ಗ ಬಿಚ್ಚಿ ಮಾವ ಗೇರನ್ನ ಫಾರ್ವರ್ಡಿಗೆ ಹಾಕಿದ್ರು, ದೋಣಿ ಗಂಭೀರವಾಗಿ ಹಿಂದಕ್ಕೆ ಹೋಗಿ ಪಕ್ಕದವರ ದೋಣಿಗೆ ಗುದ್ದಿತು. ಹಳೇ ಇಂಜಿನ್ ಶಾಫ್ಟ್ ತಿರುಗಿಸ್ತಿದ್ದದ್ದು ಒಂದು ಕಡೆಗೆ, ಹೊಸದು ಉಲ್ಟಾ ಕಡೆಗೆ, ಫ್ಯಾನ್ ಮಾತ್ರ ಹಳೇದೇ. ಫ್ಯಾನನ್ನೇ ಹಿಂದೆ ಮುಂದೆ ಮಾಡಿ ಹಾಕಿ ಅಂತ ಜಟ್ಟಿಯಿಂದ ಸಲಹೆ ಬಂತು. "ಎಡಗಾಲಿನ ಚಪ್ಪಲಿ ಮಗುಚಿ ಹಾಕಿದ್ರೆ ಬಲಗಾಲಿಗೆ ಆಗತ್ತಾ?" ಅಂದ್ರು ಮೆಕ್ಯಾನಿಕ್.

ಮಾವ ಸುಮ್ಮನೆ ಮನೆಗೆ ಹೋಗಿ ಪೇಂಟಿನ ಡಬ್ಬಿ ತಂದ್ರು, ಗೇರ್ ಲಿವರಿನ ಪಕ್ಕ ಮುಂದೆ ಹಿಂದೆ ಅನ್ನೋದನ್ನ ಅದಲು ಬದಲು ಬರೆದ್ರೆ ಖರ್ಚೇ ಇಲ್ವಲ್ಲ ಅಂತ. ಇಡೀ ದಿನ ರಿವರ್ಸಲ್ಲಿ ಓಡಿಸಿದ್ರೆ ಗೇರ್‌ಬಾಕ್ಸೇ ಹೋಗತ್ತೆ, ಆಮೇಲೆ ಹೊಸ ಗೇರ್‌ಬಾಕ್ಸ್ ಅಂದ್ರು ಮೆಕ್ಯಾನಿಕ್. ಮಾವ ಬ್ರಷ್ ಕೆಳಗಿಟ್ಟು ಫ್ಯಾನಿಗೆ ಎಷ್ಟಾಗತ್ತೆ ಅಂತ ಕೇಳಿದ್ರು.