ಕ್ಯಾಲಿಪರ್ ಬೋಲ್ಟಿಗೆ ಹಳೇ ಡಬ್ಬ ಬೇಡ

ದಾವಣಗೆರೆ ಮೆಕ್ಯಾನಿಕ್‌ಗಳ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅವರ ಡಬ್ಬದ ಬಗ್ಗೆ. ಪಿ.ಬಿ. ರಸ್ತೆ ಆಜುಬಾಜಿನ ಯಾವ ಗ್ಯಾರೇಜಿಗೆ ಹೋದರೂ ಹಳೇ ಗ್ರೀಸ್ ಡಬ್ಬವೊಂದು ಇರುತ್ತದೆ. ಬಿಚ್ಚಿದ ಗಾಡಿಗಳ ನಟ್ಟು, ಬೋಲ್ಟು, ವಾಷರ್ ಎಲ್ಲ ಅದರಲ್ಲೇ. ನಂಬರ್ ಪ್ಲೇಟಿಗೆ ಅದರಿಂದ ಒಂದು ಹೆಕ್ಕಿ ಹಾಕಿದರೆ ನನಗೇನೂ ಬೇಜಾರಿಲ್ಲ. ಆದರೆ ಮುಂದಿನ ಡಿಸ್ಕ್ ಬ್ರೇಕಿನಲ್ಲಿ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ಗೂ ಅದೇ ಡಬ್ಬಕ್ಕೆ ಕೈ ಹಾಕುತ್ತಾರೆ. ಕೇಳಿದರೆ, "ಏನಾಗಲ್ಲ ಬಿಡ್ರಿ, ಥ್ರೆಡ್ ಸರಿಯಾಗಿ ಕೂತೈತಲ್ಲ."

ಥ್ರೆಡ್ ಕೂತರೆ ಸಾಲದು. ಬ್ರೇಕ್ ಹಿಡಿದಾಗ ತಿರುಗುವ ಡಿಸ್ಕು ಕ್ಯಾಲಿಪರನ್ನೂ ತನ್ನ ಜೊತೆ ಎಳೆದುಕೊಂಡು ಹೋಗಲು ನೋಡುತ್ತದೆ. ಅದನ್ನು ತಡೆಯುವುದು ಕ್ಯಾಲಿಪರನ್ನು ಗಾಡಿಗೆ ಬಿಗಿದಿರುವ ಎರಡು ಬೋಲ್ಟುಗಳು ಮಾತ್ರ. ಬೋಲ್ಟಿನ ತಲೆ ಮೇಲೆ 8.8, 10.9 ಅಂತ ಕೆತ್ತಿರುತ್ತದಲ್ಲ, ಅದೇ ಅದರ ಶಕ್ತಿಯ ಗುರುತು. ಗಾತ್ರ ಒಂದೇ ಇದ್ದರೂ 10.9 ಹೆಚ್ಚು ಗಟ್ಟಿ. ಫಳಫಳ ಹೊಳೆಯುವ ಸ್ಟೀಲ್ ಬೋಲ್ಟ್ ಹಾಕಿಸುವ ಶೋಕಿಯೂ ಈಗ ಜಾಸ್ತಿ. ತುಕ್ಕು ಹಿಡಿಯಲ್ಲ, ನಿಜ. ಆದರೆ ಸಾಮಾನ್ಯ ಎ2-70 ಸ್ಟೇನ್‌ಲೆಸ್ ಬೋಲ್ಟು 8.8ಕ್ಕಿಂತಲೂ ಮೆದು. ಉದ್ದವೂ ಮುಖ್ಯ. ಗಿಡ್ಡ ಬೋಲ್ಟಿಗೆ ಹಿಡಿತ ಸಾಲದು, ಉದ್ದದ್ದು ಡಿಸ್ಕಿಗೆ ತಾಗಬಹುದು.

ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಮೆಕ್ಯಾನಿಕ್ ಮೊದಲು ಪಾರ್ಟ್ ನಂಬರ್ ನೋಡುತ್ತಾನೆ. ಹೊಸ ಬೋಲ್ಟ್ ತರಿಸಿ, ಕಂಪನಿ ಹೇಳಿದ್ದರೆ ಬೋಲ್ಟ್ ಸಡಿಲಾಗದಂತೆ ಹಿಡಿಯುವ ಥ್ರೆಡ್‌ಲಾಕ್ ಅಂಟು ಹಚ್ಚಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯುತ್ತಾನೆ. ಎಷ್ಟೋ ಸಣ್ಣ ಬೈಕುಗಳಿಗೆ ಆ ಬಿಗಿತ 30 ನ್ಯೂಟನ್ ಮೀಟರ್ ಆಸುಪಾಸು, ಸರಿಯಾದ ಲೆಕ್ಕ ಆಯಾ ಬೈಕಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ನಮ್ಮ ಹುಡುಗರು ಪಾನಾ ಮೇಲೆ ಮೈಭಾರ ಹಾಕಿ ಬಿಗಿಯುತ್ತಾರೆ. ಎಷ್ಟೋ ಬೈಕುಗಳಲ್ಲಿ ಆ ಬೋಲ್ಟ್ ಕೂರುವುದು ಫೋರ್ಕಿನ ಅಲ್ಯೂಮಿನಿಯಂನಲ್ಲಿ. ಥ್ರೆಡ್ ಕಿತ್ತು ಬಂದರೆ ಬೋಲ್ಟಿನ ಖರ್ಚಿಗೆ ಮುಗಿಯಲ್ಲ.

ಹಾಗಂತ ಇಲ್ಲಿಯವರೆಲ್ಲ ದೇವರಲ್ಲ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಬೈಕಿನ ತಪಾಸಣೆ ಕಡ್ಡಾಯ, ಹಾಗಾಗಿ ಈ ಶಿಸ್ತು. ನಮ್ಮಲ್ಲಿ ಹೊಸ ಬೈಕಿಗೆ ರಿಜಿಸ್ಟ್ರೇಷನ್ನಿನ 15 ವರ್ಷ ಮುಗಿಯುವ ತನಕ ಫಿಟ್‌ನೆಸ್ ಕೇಳುವವರಿಲ್ಲ. ಇನ್ನು ಥ್ರೆಡ್ ಹೋದರೆ ನಮ್ಮೂರಿನ ಲೇಥ್ ಅಂಗಡಿಯವರು ಹೊಸ ಥ್ರೆಡ್ ಇರುವ ಇನ್ಸರ್ಟ್ ಕೂರಿಸಿ ಗಾಡಿ ಓಡಿಸಿಬಿಡುತ್ತಾರೆ. ಇಲ್ಲಿ ನಾನು ಹೋಗುವ ಕಡೆ ಪೂರ್ತಿ ಭಾಗ ಬದಲಿಸಿ ಅಂತ ದೊಡ್ಡ ಬಿಲ್ ಮುಂದಿಡುತ್ತಾರೆ. ಆ ಕಸುಬು ಇಲ್ಲಿಯವರಿಗೆ ಬರಬೇಕು ಅಂತ ನನಗೆ ಆಸೆ.

ಅಲ್ಲಿಯವರೆಗೆ ದಾವಣಗೆರೆಯ ಗೆಳೆಯರಿಗೆ ನಾನು ಹೇಳುವುದಿಷ್ಟೇ. ಬೈಕ್ ಮಾಡೆಲ್ ಹೇಳಿ ಕಂಪನಿಯ ಬೋಲ್ಟನ್ನೇ ಕೊಂಡು, ನೀವೇ ಗ್ಯಾರೇಜಿಗೆ ಒಯ್ಯಿರಿ. "ಅಣ್ಣಾ, ಇದನ್ನೇ ಹಾಕಿ" ಅಂದರೆ ಯಾರೂ ಬೇಡ ಅನ್ನಲ್ಲ. ಕೆಲಸ ಮುಗಿದ ಮೇಲೆ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಒತ್ತಿ ನೋಡಿ. ದುರ್ಗದ ಹೈವೇ ಹತ್ತುವುದು ಆಮೇಲೆ.